ರೂಟಿಂಗ್ ಮೇಲಿನ ದಾಳಿಗಳನ್ನು ತಡೆಯುವುದು ಹೇಗೆ: ಜಾಲ ನಿರ್ವಾಹಕರಿಗೊಂದು ಸಮಗ್ರ ಮಾರ್ಗದರ್ಶಿ

2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಹಿಡಿಯಲು ಒಂದು ರೂಟಿಂಗ್ ನಮೂದನ್ನು, ಅಂದರೆ ಸಂಚಾರ ಯಾವ ದಾರಿಯಲ್ಲಿ ಹೋಗಬೇಕೆಂಬ ಸೂಚನೆಯನ್ನು, ಮಾಡಿಕೊಂಡಿತು. ದೇಶದೊಳಗೇ ಉಳಿಯಬೇಕಿದ್ದ ಆ ನಮೂದು ಅದರ ಅಪ್‌ಸ್ಟ್ರೀಮ್ ಸೇವಾದಾತನ, ಅಂದರೆ ಅದಕ್ಕೆ ಉಳಿದ ಅಂತರಜಾಲದ ಸಂಪರ್ಕ ಕೊಡುವ ಕಂಪನಿಯ, ಮೂಲಕ ಹೊರಜಗತ್ತಿಗೆ ಹರಡಿತು. ಯೂಟ್ಯೂಬ್ ಆಗ 208.65.152.0/22 ಎಂಬ 1024 ವಿಳಾಸಗಳ ಗುಂಪನ್ನು ಘೋಷಿಸುತ್ತಿತ್ತು. ಹೊರಬಿದ್ದ ಸುಳ್ಳು ಘೋಷಣೆ ಅದರೊಳಗಿನ 208.65.153.0/24 ಎಂಬ 256 ವಿಳಾಸಗಳದ್ದು (ಓರೆಗೆರೆಯ ನಂತರದ ಸಂಖ್ಯೆ ದೊಡ್ಡದಾದಷ್ಟೂ ಗುಂಪು ಚಿಕ್ಕದು, ಹೆಚ್ಚು ನಿರ್ದಿಷ್ಟ). ಎರಡು ದಾರಿಗಳಲ್ಲಿ ಹೆಚ್ಚು ನಿರ್ದಿಷ್ಟವಾದುದನ್ನೇ ಆರಿಸಿಕೊಳ್ಳುವುದು ರೂಟರಿನ ಮೂಲ ನಿಯಮವಾದ್ದರಿಂದ, ಜಗತ್ತಿನ ಬಹುಭಾಗದ ಯೂಟ್ಯೂಬ್ ಸಂಚಾರ ಎರಡು ಗಂಟೆಗೂ ಹೆಚ್ಚು ಕಾಲ ತಪ್ಪು ದಿಕ್ಕಿಗೆ ಹರಿಯಿತು. ಇಲ್ಲಿ ಯಾರೂ ಯಾವ ಪಾಸ್‌ವರ್ಡನ್ನೂ ಕದಿಯಲಿಲ್ಲ, ಯಾವ ತಂತ್ರಾಂಶದ ದೋಷವನ್ನೂ ಬಳಸಿಕೊಳ್ಳಲಿಲ್ಲ. ರೂಟರುಗಳು ತಮಗೆ ಹೇಳಿದ್ದನ್ನು ನಂಬಿದವು, ಅಷ್ಟೇ.

ಜಾಲಗಳ ನಡುವಿನ ದಾರಿಗಳನ್ನು ನಿರ್ಧರಿಸುವ ಬಿಜಿಪಿ ಎಂಬ ನಿಯಮಾವಳಿ 1989ರಲ್ಲಿ ರೂಪುಗೊಂಡಾಗ ಅಂತರಜಾಲದಲ್ಲಿದ್ದವರು ಪರಸ್ಪರ ಪರಿಚಿತರು. ‘ಈ ವಿಳಾಸಗಳಿಗೆ ನನ್ನ ಮೂಲಕ ದಾರಿಯಿದೆ’ ಎಂದು ಒಂದು ಜಾಲ ಹೇಳಿದರೆ, ಆ ಮಾತಿಗೆ ಪುರಾವೆ ಕೇಳುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ. ಮುಂದೆ ವಿವರಿಸುವ ಪ್ರತಿಯೊಂದು ಹೆಜ್ಜೆಯೂ ಆ ಕೊರತೆಯನ್ನು ಒಂದೊಂದು ಸ್ಥಳದಲ್ಲಿ ತುಂಬುವ ಪ್ರಯತ್ನ: ರೂಟರಿಗೆ ಲಾಗಿನ್ ಆಗುವವರ ಮಾತು, ಪಕ್ಕದ ರೂಟರಿನ ಮಾತು, ಗ್ರಾಹಕ ಜಾಲದ ಮಾತು, ದೂರದ ಅಪರಿಚಿತ ಜಾಲದ ಮಾತು, ಇವುಗಳಲ್ಲಿ ಯಾವುದನ್ನೂ ಪರಿಶೀಲಿಸದೆ ಒಪ್ಪದಂತೆ ನೋಡಿಕೊಳ್ಳುವುದು. ಹೆಜ್ಜೆಗಳ ಅನುಕ್ರಮವನ್ನು ಬದಲಿಸದಿರುವುದು ಒಳ್ಳೆಯದು. ರೂಟರಿನ ನಿರ್ವಹಣಾ ಪುಟವನ್ನೇ ಅಂತರಜಾಲಕ್ಕೆ ತೆರೆದಿಟ್ಟು ಸಹಿ ಮಾಡಿದ ಪ್ರಮಾಣಪತ್ರಗಳ ಬಗ್ಗೆ ಚಿಂತಿಸುವುದು, ಬಾಗಿಲು ತೆರೆದಿಟ್ಟು ಕಿಟಕಿಗೆ ಚಿಲಕ ಹಾಕಿದಂತೆ.

ಮೊದಲ ಹೆಜ್ಜೆ: ಏನಿದೆ ಎಂಬ ಪಟ್ಟಿ

ನಿಮ್ಮ ಜಾಲದ ಎಎಸ್ ಸಂಖ್ಯೆ (ಬಿಜಿಪಿಯಲ್ಲಿ ಜಾಲವನ್ನು ಗುರುತಿಸುವ ಸಂಖ್ಯೆ), ನೀವು ಘೋಷಿಸುವ ಪ್ರತಿಯೊಂದು ಪ್ರಿಫಿಕ್ಸ್ (ಮೇಲೆ ಕಂಡ /22, /24ರಂತಹ ವಿಳಾಸಗಳ ಗುಂಪು), ಪ್ರತಿಯೊಬ್ಬ ಬಿಜಿಪಿ ನೆರೆಯವರು ಮತ್ತು ಅವರೊಂದಿಗಿನ ಸಂಬಂಧ, ಅಂದರೆ ಅವರು ಅಪ್‌ಸ್ಟ್ರೀಮ್ ಸೇವಾದಾತರೋ, ಸಮಾನ ನೆಲೆಯ ಪೀರ್‌ಗಳೋ, ಗ್ರಾಹಕರೋ ಎಂಬುದು ಬರಹದಲ್ಲಿರಬೇಕು. ಡಿಡಾಸ್ ದಾಳಿಯ (ಅನೇಕ ಕಡೆಗಳಿಂದ ಒಮ್ಮೆಲೇ ಸಂಚಾರ ಸುರಿದು ಸೇವೆಯನ್ನು ಮುಳುಗಿಸುವ ದಾಳಿಯ) ಸಮಯದಲ್ಲಿ ನಿಮ್ಮ ಪರವಾಗಿ ನಿಮ್ಮ ವಿಳಾಸಗಳನ್ನು ಘೋಷಿಸುವ ರಕ್ಷಣಾ ಸೇವೆಯೇನಾದರೂ ಇದ್ದರೆ ಅದರ ಎಎಸ್ ಸಂಖ್ಯೆಯೂ ಪಟ್ಟಿಯಲ್ಲಿರಲಿ. ಇದನ್ನು ಮರೆತವರಿಗೆ ಅದರ ಬೆಲೆ ತಿಳಿಯುವುದು ಐದನೆಯ ಹೆಜ್ಜೆಯಲ್ಲಿ. ನೆನಪಿನಿಂದ ಬರೆದ ಪಟ್ಟಿಯನ್ನು ನಂಬದೆ, ಹೊರಗಿನಿಂದ ನೋಡಿದಾಗ ನಿಮ್ಮ ಜಾಲ ಹೇಗೆ ಕಾಣುತ್ತದೆ ಎಂಬುದನ್ನು ರೈಪ್‌ಸ್ಟ್ಯಾಟ್‌ನಂತಹ ಸಾರ್ವಜನಿಕ ಸಾಧನದಲ್ಲಿ ನೋಡಿ ಹೋಲಿಸಿ. ವರ್ಷಗಳ ಹಿಂದೆ ಪ್ರಯೋಗಕ್ಕೆಂದು ಘೋಷಿಸಿ ಮರೆತ ಪ್ರಿಫಿಕ್ಸ್‌ಗಳು ಬಹುತೇಕ ಜಾಲಗಳಲ್ಲಿ ಸಿಗುತ್ತವೆ.

ಎರಡನೆಯ ಹೆಜ್ಜೆ: ರೂಟರಿಗೇ ಬೀಗ

2023ರ ಅಕ್ಟೋಬರಿನಲ್ಲಿ ಸಿಸ್ಕೊ ಐಓಎಸ್ ಎಕ್ಸ್ಇ ತಂತ್ರಾಂಶದ ವೆಬ್ ನಿರ್ವಹಣಾ ಪುಟದಲ್ಲಿ ಸಿವಿಇ-2023-20198 ಎಂಬ ದೋಷ ಬೆಳಕಿಗೆ ಬಂದಾಗ, ದಾಳಿಕೋರರು ಅದಾಗಲೇ ಅದನ್ನು ಬಳಸಿ ಹತ್ತಾರು ಸಾವಿರ ಸಾಧನಗಳಲ್ಲಿ ತಮ್ಮ ಹಿಡಿತವನ್ನು ಸ್ಥಾಪಿಸಿದ್ದರು. ಆ ಸಾಧನಗಳೆಲ್ಲಕ್ಕೂ ಸಮಾನವಾಗಿದ್ದ ಅಂಶವೆಂದರೆ, ನಿರ್ವಹಣೆಗೆಂದು ಇದ್ದ ಪುಟ ಇಡೀ ಅಂತರಜಾಲಕ್ಕೆ ತೆರೆದಿದ್ದುದು. ಆದ್ದರಿಂದ ಮೊದಲು ಮಾಡಬೇಕಾದುದು ಬಳಸದ ಸೇವೆಗಳನ್ನು ನಿಲ್ಲಿಸುವುದು: ವೆಬ್ ಪುಟ, ಗೂಢಲಿಪಿಯಿಲ್ಲದ ದೂರ ಲಾಗಿನ್ ಆದ ಟೆಲ್ನೆಟ್, ಸಾಧನಗಳ ಸ್ಥಿತಿ ತಿಳಿಸುವ ನಿಯಮಾವಳಿಯಾದ ಹಳೆಯ ಆವೃತ್ತಿಯ ಎಸ್‌ಎನ್‌ಎಂಪಿ, ಸಾಧನವನ್ನು ತಾನಾಗಿ ಸಜ್ಜುಗೊಳಿಸುವ ಸ್ಮಾರ್ಟ್ ಇನ್‌ಸ್ಟಾಲ್‌ನಂತಹ ಸೌಲಭ್ಯಗಳು. ಉಳಿಯಬೇಕಾದುದು ಗೂಢಲಿಪಿಯ ಲಾಗಿನ್ ಆದ ಎಸ್‌ಎಸ್‌ಎಚ್, ಅದೂ ನಿರ್ವಹಣೆಗೆ ಮೀಸಲಾದ ಪ್ರತ್ಯೇಕ ಜಾಲದಿಂದ ಮಾತ್ರ, ಲಾಗಿನ್‌ಗಳನ್ನು ಒಂದೆಡೆ ಪರಿಶೀಲಿಸುವ ಟಕಾಕ್ಸ್ ಅಥವಾ ರೇಡಿಯಸ್ ಸರ್ವರಿನ ಮೂಲಕ ಪ್ರತಿಯೊಬ್ಬರಿಗೂ ಅವರವರದೇ ಖಾತೆಯೊಂದಿಗೆ. ಆ ಸರ್ವರ್ ಕೈಕೊಟ್ಟಾಗ ಬಳಸಲು ಒಂದೇ ಒಂದು ತುರ್ತು ಖಾತೆ ರೂಟರಿನಲ್ಲಿರಲಿ, ಅದರ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿರಲಿ.

ಸಾಧನದ ಲಾಗುಗಳು ಸಾಧನದಲ್ಲೇ ಉಳಿದರೆ ಪ್ರಯೋಜನವಿಲ್ಲ, ಏಕೆಂದರೆ ಒಳನುಗ್ಗಿದವರು ಮೊದಲು ಅಳಿಸುವುದು ಅವನ್ನೇ. ಅವುಗಳನ್ನು ಬೇರೊಂದು ಸರ್ವರಿಗೆ ಕಳುಹಿಸಿ. ಕಾನ್ಫಿಗರೇಶನ್ನಿನ ಪ್ರತಿಯನ್ನು ಪ್ರತಿದಿನ ತೆಗೆದು ಹಿಂದಿನ ದಿನದ ಪ್ರತಿಯೊಂದಿಗೆ ಯಂತ್ರವೇ ಹೋಲಿಸುವಂತೆ ಮಾಡಿ. ಯಾರೂ ಮಾಡದ ಬದಲಾವಣೆಯೊಂದು ಆ ಹೋಲಿಕೆಯಲ್ಲಿ ಕಂಡರೆ, ಬೇರಾವ ದುಬಾರಿ ಸಾಧನಕ್ಕಿಂತ ಮೊದಲು ಎಚ್ಚರಿಸುವುದು ಅದೇ.

ರೂಟರಿನ ಸಿಪಿಯುವನ್ನು ಕಾಯುವುದು ಇದೇ ಹೆಜ್ಜೆಯ ಭಾಗ. ಹಾದುಹೋಗುವ ಸಂಚಾರವನ್ನು ಯಂತ್ರಾಂಶದ ಚಿಪ್‌ಗಳೇ ನಿಭಾಯಿಸುತ್ತವೆ. ರೂಟರಿಗೇ ಉದ್ದೇಶಿಸಿದ ಪ್ಯಾಕೆಟ್‌ಗಳು ಮಾತ್ರ ಸಿಪಿಯುವಿಗೆ ಬರುತ್ತವೆ. ಅವುಗಳ ಪ್ರವಾಹವನ್ನೇ ಹರಿಸಿದರೆ ನೆರೆಯ ರೂಟರುಗಳೊಂದಿಗಿನ ಸಂಪರ್ಕಗಳಾದ ಬಿಜಿಪಿ ಸೆಷನ್‌ಗಳು ಉಸಿರುಗಟ್ಟಿ ಕಡಿದುಹೋಗುತ್ತವೆ. ಕಂಟ್ರೋಲ್ ಪ್ಲೇನ್ ಪೊಲೀಸಿಂಗ್ ಎಂಬ ವ್ಯವಸ್ಥೆಯಲ್ಲಿ ಬಿಜಿಪಿ ಬಳಸುವ ಟಿಸಿಪಿ 179ನೇ ಪೋರ್ಟಿಗೆ ಪರಿಚಿತ ನೆರೆಯವರಿಂದ ಬರುವುದಕ್ಕೆ ಧಾರಾಳವಾದ ಮಿತಿ, ಎಸ್‌ಎಸ್‌ಎಚ್‌ಗೆ ಸಾಧಾರಣ ಮಿತಿ, ಜಾಲದ ದೋಷ-ಸ್ಥಿತಿಯ ಸಂದೇಶಗಳನ್ನು ಒಯ್ಯುವ ಐಸಿಎಂಪಿಗೆ ಬಿಗಿಯಾದ ಮಿತಿ, ಉಳಿದುದಕ್ಕೆ ಅತಿ ಕಡಿಮೆ ಎಂದು ವಿಂಗಡಿಸಿ. ಐಸಿಎಂಪಿಯನ್ನು ಪೂರ್ತಿ ತಡೆಯುವ ಆಸೆ ಬೇಡ. ‘ಪ್ಯಾಕೆಟ್ ತೀರಾ ದೊಡ್ಡದು’ ಎಂದು ತಿಳಿಸುವ ಸಂದೇಶ ಸತ್ತರೆ ಬಳಕೆದಾರರ ಸಂಪರ್ಕಗಳು ಕಾರಣ ತಿಳಿಯದಂತೆ ಸ್ಥಗಿತಗೊಳ್ಳುತ್ತವೆ.

ಕೊನೆಯದಾಗಿ, ಜಾಲ ಪೂರ್ತಿ ಸತ್ತಾಗಲೂ ರೂಟರನ್ನು ಮುಟ್ಟುವ ಪ್ರತ್ಯೇಕ ದಾರಿಯೊಂದಿರಬೇಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಮರೆಯಾದುದು ದಾಳಿಯಿಂದಲ್ಲ, ನಿರ್ವಹಣೆಯ ವೇಳೆಯ ತಪ್ಪಿನಿಂದ; ಆದರೆ ದುರಸ್ತಿ ತಡವಾದುದಕ್ಕೆ ಒಂದು ಕಾರಣ, ದುರಸ್ತಿ ಮಾಡುವವರ ದಾರಿಯೂ ಅದೇ ಜಾಲವನ್ನು ಅವಲಂಬಿಸಿದ್ದುದು.

ಮೂರನೆಯ ಹೆಜ್ಜೆ: ಒಳಜಾಲ ಮತ್ತು ನೆರೆಯವರೊಂದಿಗಿನ ಸೆಷನ್

ಒಳಜಾಲದಲ್ಲಿ ಓಎಸ್‌ಪಿಎಫ್ ಅಥವಾ ಐಎಸ್-ಐಎಸ್ (ಒಂದೇ ಸಂಸ್ಥೆಯೊಳಗಿನ ದಾರಿಗಳನ್ನು ನಿರ್ಧರಿಸುವ ನಿಯಮಾವಳಿಗಳು) ಓಡುತ್ತಿದ್ದರೆ, ಎಲ್ಲ ಇಂಟರ್ಫೇಸ್‌ಗಳನ್ನೂ ಮೊದಲು ಪ್ಯಾಸಿವ್ ಮಾಡಿ, ಅಂದರೆ ಅಲ್ಲಿ ನೆರೆಯವರನ್ನು ಒಪ್ಪದಂತೆ ಮಾಡಿ, ರೂಟರುಗಳ ನಡುವಿನ ಕೊಂಡಿಗಳಲ್ಲಿ ಮಾತ್ರ ತೆರೆಯಿರಿ. ಇಲ್ಲದಿದ್ದರೆ ಬಳಕೆದಾರರ ಜಾಲಕ್ಕೆ ಲ್ಯಾಪ್‌ಟಾಪ್ ಒಂದನ್ನು ಚುಚ್ಚಿದವರು ಯಾರೇ ಆದರೂ ರೂಟರಿನ ನೆರೆಯವರಾಗಿ, ಸಂಸ್ಥೆಯ ಸಂಚಾರವನ್ನೆಲ್ಲ ತಮ್ಮ ಕಡೆಗೆ ಎಳೆದುಕೊಳ್ಳಬಲ್ಲರು. ತೆರೆದ ಕೊಂಡಿಗಳಲ್ಲಿ ಎಚ್‌ಮ್ಯಾಕ್-ಎಸ್‌ಎಚ್‌ಎ ದೃಢೀಕರಣವನ್ನು (ಗುಟ್ಟಿನ ಕೀಲಿಯಿಂದ ಸಂದೇಶದ ಸಾಚಾತನ ಪರೀಕ್ಷಿಸುವುದನ್ನು) ಹಾಕಿ. ಸರಳ ಪಠ್ಯದ ಪಾಸ್‌ವರ್ಡ್ ಇದ್ದೂ ಇಲ್ಲದಂತೆ. ಬಳಕೆದಾರರ ಸ್ವಿಚ್‌ಗಳಲ್ಲಿ ಐಪಿವಿ6ರ ಆರ್‌ಎ ಗಾರ್ಡ್ ಮತ್ತು ಡಿಎಚ್‌ಸಿಪಿ ಸ್ನೂಪಿಂಗ್ ಚಾಲೂ ಇರಲಿ; ತಾನೇ ರೂಟರ್ ಅಥವಾ ವಿಳಾಸ ಹಂಚುವ ಸರ್ವರ್ ಎಂದು ಸುಳ್ಳು ಹೇಳುವ ಸಾಧನಗಳನ್ನು ಇವು ತಡೆಯುತ್ತವೆ. ಐಪಿವಿ6 ಬಳಸುತ್ತಿಲ್ಲ ಎನ್ನುವ ಜಾಲಗಳಲ್ಲೂ ಕಂಪ್ಯೂಟರುಗಳು ಅದನ್ನು ಕೇಳಿಸಿಕೊಳ್ಳುತ್ತಿರುತ್ತವೆ ಎಂಬುದು ನೆನಪಿರಲಿ.

ಹೊರಗಿನ ಬಿಜಿಪಿ ಸೆಷನ್‌ಗಳಿಗೆ ಎರಡು ರಕ್ಷಣೆಗಳಿವೆ. ಒಂದು, ಪ್ಯಾಕೆಟ್ ಹೊತ್ತಿರುವ ಟಿಟಿಎಲ್ ಎಂಬ ಎಣಿಕೆಯ ತಪಾಸಣೆ. ಪ್ಯಾಕೆಟ್ ಪ್ರತಿ ರೂಟರನ್ನು ದಾಟಿದಾಗಲೂ ಅದರ ಟಿಟಿಎಲ್ ಒಂದರಷ್ಟು ಇಳಿಯುತ್ತದೆ. ಅತಿ ಹೆಚ್ಚಿನ ಬೆಲೆ 255. ನೇರ ಪಕ್ಕದಲ್ಲಿರುವ ನೆರೆಯವರು 255 ಎಂದು ಕಳುಹಿಸಿದರೆ ಅದು 255 ಆಗಿಯೇ ತಲುಪುತ್ತದೆ, ದೂರದಿಂದ ನಕಲಿ ಪ್ಯಾಕೆಟ್ ಕಳುಹಿಸುವವರು ಏನೇ ಮಾಡಿದರೂ ಆ ಬೆಲೆಯನ್ನು ತಲುಪಿಸಲಾರರು. ಖರ್ಚಿಲ್ಲದ, ಲೆಕ್ಕಾಚಾರವೇ ಕಾವಲಾಗಿರುವ ಈ ಉಪಾಯವನ್ನು ಬಳಸದಿರಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಎರಡನೆಯದು ಸೆಷನ್ನಿನ ದೃಢೀಕರಣ. ಎರಡೂ ಕಡೆಯ ಸಾಧನಗಳು ಬೆಂಬಲಿಸಿದರೆ 2010ರಲ್ಲಿ ಬಂದ ಟಿಸಿಪಿ-ಎಓ, ಇಲ್ಲವಾದರೆ 1998ರ ಎಂಡಿ5. ಎಂಡಿ5 ಇಂದಿನ ಮಾನದಂಡದಲ್ಲಿ ದುರ್ಬಲವೇ. ಆದರೂ ಸೆಷನ್ನನ್ನು ಕಡಿಯಲು ಬರುವ ನಕಲಿ ಪ್ಯಾಕೆಟ್‌ಗಳನ್ನು ತಡೆಯಲು ಸಾಕು.

ಆದರೆ ಇವೆರಡೂ ಖಚಿತಪಡಿಸುವುದು ಮಾತಾಡುತ್ತಿರುವವರು ಯಾರು ಎಂಬುದನ್ನು ಮಾತ್ರ. ಅವರು ಹೇಳುತ್ತಿರುವುದು ನಿಜವೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ನಿಜವಾದ ಕೆಲಸ ಅಲ್ಲಿಂದ ಶುರುವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಫಿಲ್ಟರ್‌ಗಳು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ಮಾಡಲು ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ. 2008ರ ಘಟನೆಯಲ್ಲಿ ಅಪ್‌ಸ್ಟ್ರೀಮ್ ಸೇವಾದಾತ ತನ್ನ ಗ್ರಾಹಕನಿಂದ ಬರಬಹುದಾದ ಪ್ರಿಫಿಕ್ಸ್‌ಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದರೆ ಸುಳ್ಳು ಘೋಷಣೆ ಮೊದಲ ಗಡಿಯಲ್ಲೇ ಬಿದ್ದುಹೋಗುತ್ತಿತ್ತು. 2019ರ ಜೂನ್ 24ರಂದು ಅಮೆರಿಕದ ಸಣ್ಣ ಸೇವಾದಾತನೊಬ್ಬ ಒಳಬಳಕೆಗೆಂದು ತುಂಡರಿಸಿಕೊಂಡಿದ್ದ ದಾರಿಗಳು ಗ್ರಾಹಕ ಕಂಪನಿಯೊಂದರ ಮೂಲಕ ವೆರಿಜಾನ್ ಜಾಲಕ್ಕೆ ಸೋರಿ, ಕ್ಲೌಡ್‌ಫ್ಲೇರ್ ಸೇರಿದಂತೆ ಅನೇಕರ ಸಂಚಾರ ಆ ಚಿಕ್ಕ ಕೊಳವೆಯೊಳಗೆ ನುಗ್ಗಿದಾಗಲೂ ಕಾಣೆಯಾಗಿದ್ದುದು ಇದೇ ಫಿಲ್ಟರ್.

ಗ್ರಾಹಕರ ಕಡೆಯಿಂದ ಆರಂಭಿಸಿ. ಪ್ರತಿ ಗ್ರಾಹಕನಿಗೂ ಅವನು ಘೋಷಿಸಬಹುದಾದ ಪ್ರಿಫಿಕ್ಸ್‌ಗಳ ನಿಖರ ಪಟ್ಟಿ ಇರಲಿ. ಪಟ್ಟಿಯಲ್ಲಿಲ್ಲದ್ದು ಒಳಗೆ ಬರಬಾರದು. ಪಟ್ಟಿಯನ್ನು ಕೈಯಿಂದ ಬರೆದರೆ ಆರು ತಿಂಗಳಲ್ಲಿ ಅದು ಸುಳ್ಳಾಗಿರುತ್ತದೆ. ಆದ್ದರಿಂದ ರೂಟಿಂಗ್ ನೋಂದಣಿ ಕೋಶಗಳಲ್ಲಿ ಗ್ರಾಹಕರು ದಾಖಲಿಸಿದ ಮಾಹಿತಿಯಿಂದ ಬಿಜಿಪಿಕ್ಯೂ4ನಂತಹ ಸಾಧನ ಪ್ರತಿದಿನ ಪಟ್ಟಿಯನ್ನು ತಾನೇ ತಯಾರಿಸುವಂತೆ ಮಾಡಿ. ಇಲ್ಲೊಂದು ಎಚ್ಚರಿಕೆ: ಗ್ರಾಹಕ ನೀಡುವ ಎಎಸ್-ಸೆಟ್ (ಎಎಸ್ ಸಂಖ್ಯೆಗಳ ಪಟ್ಟಿ) ಇನ್ನೊಂದನ್ನು, ಅದು ಮತ್ತೊಂದನ್ನು ಒಳಗೊಂಡು, ಹತ್ತು ಪ್ರಿಫಿಕ್ಸ್‌ಗಳ ಕಂಪನಿಗೆ ಲಕ್ಷ ಪ್ರಿಫಿಕ್ಸ್‌ಗಳ ಅನುಮತಿ ದೊರೆಯುವುದುಂಟು. ಪಟ್ಟಿಯ ಗಾತ್ರ ಒಮ್ಮೆಲೇ ಉಬ್ಬಿದರೆ ಯಂತ್ರ ಅದನ್ನು ಅಳವಡಿಸದೆ ಮನುಷ್ಯರನ್ನು ಕೇಳಬೇಕು.

ಎಲ್ಲ ನೆರೆಯವರಿಂದಲೂ ತಿರಸ್ಕರಿಸಬೇಕಾದ ಘೋಷಣೆಗಳು ಕೆಲವಿವೆ: ಖಾಸಗಿ ಬಳಕೆಗೆ ಮತ್ತು ದಾಖಲೆಗಳಿಗೆ ಮೀಸಲಾದ ವಿಳಾಸಗಳು, ಐಪಿವಿ4ರಲ್ಲಿ /24ಕ್ಕಿಂತಲೂ ಐಪಿವಿ6ರಲ್ಲಿ /48ಕ್ಕಿಂತಲೂ ಸಣ್ಣ ತುಂಡುಗಳು, ಖಾಸಗಿ ಎಎಸ್ ಸಂಖ್ಯೆಗಳಿರುವ ದಾರಿಗಳು, ಕೇಳದೇ ಬರುವ ಡಿಫಾಲ್ಟ್ ದಾರಿ (ಬೇರಾವ ದಾರಿಯೂ ಹೊಂದದಾಗ ಬಳಸುವುದು), ಮತ್ತು ಹೊರಗಿನಿಂದ ಬರುವ ನಿಮ್ಮದೇ ಪ್ರಿಫಿಕ್ಸ್‌ಗಳು. ಗ್ರಾಹಕರು ಅಥವಾ ಪೀರ್‌ಗಳು ಕಳುಹಿಸುವ ದಾರಿಯ ನಡುವೆ ಜಗತ್ತಿನ ಅತಿ ದೊಡ್ಡ ಸಾರಿಗೆ ಜಾಲಗಳ ಎಎಸ್ ಸಂಖ್ಯೆ ಕಂಡರೆ ಅದು ಬಹುಮಟ್ಟಿಗೆ ಸೋರಿಕೆಯೇ. ಸಣ್ಣ ಕಂಪನಿಯೊಂದು ಅಂಥ ಜಾಲಕ್ಕೆ ದಾರಿ ಮಾರುವುದು ಸಾಧ್ಯವಿಲ್ಲದ ಮಾತು. ಇದರ ಮೇಲೆ ಪ್ರತಿ ಸೆಷನ್ನಿಗೂ ಗರಿಷ್ಠ ಪ್ರಿಫಿಕ್ಸ್ ಮಿತಿಯನ್ನು ಹಾಕಿ. ಹತ್ತನ್ನು ಕಳುಹಿಸುವ ಗ್ರಾಹಕನಿಗೆ ಇಪ್ಪತ್ತು ಅಥವಾ ಮೂವತ್ತರ ಮಿತಿ ಸಾಕು. ಅವನು ತಪ್ಪಿ ಸುಮಾರು ಹತ್ತು ಲಕ್ಷ ದಾರಿಗಳ ಪೂರ್ಣ ಪಟ್ಟಿಯನ್ನೇ ಸುರಿದ ದಿನ ಸೆಷನ್ ತಾನಾಗಿ ಮುಚ್ಚಿಕೊಳ್ಳುತ್ತದೆ.

ಹೊರಹೋಗುವ ದಿಕ್ಕಿನಲ್ಲಿ ನಿಯಮ ಸರಳ: ಅಪ್‌ಸ್ಟ್ರೀಮ್ ಮತ್ತು ಪೀರ್‌ಗಳಿಗೆ ನಿಮ್ಮ ಹಾಗೂ ನಿಮ್ಮ ಗ್ರಾಹಕರ ಪ್ರಿಫಿಕ್ಸ್‌ಗಳು ಮಾತ್ರ ಹೋಗಬೇಕು. ದಾರಿ ಒಳಬರುವಾಗಲೇ ‘ಗ್ರಾಹಕನಿಂದ ಬಂದದ್ದು’, ‘ಪೀರ್‌ನಿಂದ ಬಂದದ್ದು’ ಎಂದು ಕಮ್ಯುನಿಟಿ ಎಂಬ ಬಿಜಿಪಿ ಚೀಟಿಯ ಗುರುತು ಹಚ್ಚಿ, ಹೊರಹೋಗುವಾಗ ಆ ಗುರುತನ್ನು ನೋಡಿ ಬಿಡುವ ಪದ್ಧತಿ ಗಟ್ಟಿಯಾದದ್ದು. ಗುರುತೇ ಇಲ್ಲದ ದಾರಿ ಹೊರಗೆ ಹೋಗಬಾರದು. 2022ರಲ್ಲಿ ಬಂದ ಆರ್‌ಎಫ್‌ಸಿ 9234 ಎಂಬ ಮಾನದಂಡ ಇದನ್ನೇ ನಿಯಮಾವಳಿಯೊಳಕ್ಕೆ ತಂದಿದೆ. ನಿಮ್ಮ ಸಾಧನ ಬಿಜಿಪಿ ರೋಲ್ ಎಂಬ ಆ ಸೌಲಭ್ಯವನ್ನು ಬೆಂಬಲಿಸಿದರೆ ಖಂಡಿತ ಬಳಸಿ.

ದಾರಿಗಳ ಫಿಲ್ಟರ್ ಜೊತೆಗೆ ಪ್ಯಾಕೆಟ್‌ಗಳದ್ದೂ ಬೇಕು. ನಿಮ್ಮ ಗ್ರಾಹಕರ ಕಡೆಯಿಂದ ಬೇರೆಯವರ ವಿಳಾಸ ಹೊತ್ತ ನಕಲಿ ಪ್ಯಾಕೆಟ್‌ಗಳು ಹೊರಡದಂತೆ, ಒಂದೇ ಕೊಂಡಿಯಿರುವ ಗ್ರಾಹಕರಿಗೆ ಯುಆರ್‌ಪಿಎಫ್ ತಪಾಸಣೆಯನ್ನು (ಕಳುಹಿಸಿದವರ ವಿಳಾಸಕ್ಕೆ ಮರಳುವ ದಾರಿ ಅದೇ ಕೊಂಡಿಯಲ್ಲಿದೆಯೇ ಎಂಬ ಪರೀಕ್ಷೆಯನ್ನು) ಕಟ್ಟುನಿಟ್ಟಾಗಿ ಅನ್ವಯಿಸಿ. ಎರಡು ಸೇವಾದಾತರನ್ನು ಹೊಂದಿದ ಗ್ರಾಹಕರಿಗೆ ಅದೇ ಕಟ್ಟುನಿಟ್ಟು ನ್ಯಾಯವಾದ ಸಂಚಾರವನ್ನೂ ಕೊಲ್ಲುತ್ತದೆ. ಅಲ್ಲಿ ವಿಳಾಸಗಳ ಪಟ್ಟಿಯಿಂದ ಮಾಡಿದ ಆಕ್ಸೆಸ್ ಲಿಸ್ಟ್ (ಅನುಮತಿಯ ಪಟ್ಟಿ) ಲೇಸು.

ಐದನೆಯ ಹೆಜ್ಜೆ: ಆರ್‌ಪಿಕೆಐ

ಆರ್‌ಪಿಕೆಐ ಎಂದರೆ ವಿಳಾಸಗಳ ಹಕ್ಕನ್ನು ಸಹಿಯ ಮೂಲಕ ಸಾಬೀತುಪಡಿಸುವ ವ್ಯವಸ್ಥೆ. ‘ಈ ಪ್ರಿಫಿಕ್ಸನ್ನು ಈ ಎಎಸ್ ಮಾತ್ರ ಹುಟ್ಟುಹಾಕಬಹುದು’ ಎಂದು ವಿಳಾಸಗಳ ಹಕ್ಕುದಾರರೇ ಸಹಿ ಮಾಡಿ ಪ್ರಕಟಿಸುವ ದಾಖಲೆಗೆ ಆರ್‌ಓಎ ಎನ್ನುತ್ತಾರೆ. ಏಪ್ನಿಕ್, ರೈಪ್ ಎನ್‌ಸಿಸಿ, ಆರಿನ್, ಲ್ಯಾಕ್ನಿಕ್, ಆಫ್ರಿನಿಕ್ ಎಂಬ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಲ್ಲಿ ನಿಮ್ಮ ವಿಳಾಸಗಳು ಯಾವುದರದ್ದೋ ಅದರ ಜಾಲತಾಣದಲ್ಲಿ ಇದನ್ನು ರಚಿಸಬಹುದು.

ರಚಿಸುವ ಮೊದಲು ಆ ಜಾಲತಾಣದಲ್ಲಿನ ನಿಮ್ಮ ಖಾತೆಗೆ ಎರಡು ಹಂತದ ದೃಢೀಕರಣವನ್ನು ಹಾಕಿ, ಸಂಸ್ಥೆ ಬಿಟ್ಟವರ ಹೆಸರುಗಳನ್ನು ತೆಗೆಯಿರಿ. 2024ರ ಜನವರಿ 3ರಂದು ಆರೆಂಜ್ ಸ್ಪೇನ್ ಕಂಪನಿಯ ರೈಪ್ ಖಾತೆಗೆ ನುಗ್ಗಿದ ದಾಳಿಕೋರ ಮಾಡಿದ್ದು ಇಷ್ಟೇ: ಕಂಪನಿಯ ಪ್ರಿಫಿಕ್ಸ್‌ಗಳಿಗೆ ಬೇರೆ ಎಎಸ್ ಸಂಖ್ಯೆಯ ಆರ್‌ಓಎ ರಚಿಸಿದ. ಆಮೇಲೆ ಕಂಪನಿಯ ಸಾಚಾ ಘೋಷಣೆಗಳನ್ನೇ ಜಗತ್ತಿನ ರೂಟರುಗಳು ಸುಳ್ಳೆಂದು ತಳ್ಳಿಹಾಕಿದವು, ಸೇವೆ ಗಂಟೆಗಟ್ಟಲೆ ನಿಂತಿತು. ಆ ಖಾತೆಗೆ ಎರಡು ಹಂತದ ದೃಢೀಕರಣ ಇರಲಿಲ್ಲ. ರಕ್ಷಣೆಗೆಂದು ಕಟ್ಟಿದ ವ್ಯವಸ್ಥೆ ಎಷ್ಟು ಬಲವಾಗಿದೆಯೋ ಅದರ ಕೀಲಿಕೈ ಅಷ್ಟೇ ಅಪಾಯಕಾರಿ.

ಇನ್ನು ಮೊದಲ ಹೆಜ್ಜೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿ ಪ್ರಿಫಿಕ್ಸಿಗೂ ಆರ್‌ಓಎ ಬರೆಯಿರಿ. ಡಿಡಾಸ್ ರಕ್ಷಣಾ ಸೇವೆ ತನ್ನ ಎಎಸ್‌ನಿಂದ ನಿಮ್ಮ ಪ್ರಿಫಿಕ್ಸ್ ಘೋಷಿಸುವುದಾದರೆ ಅದಕ್ಕೂ ಒಂದು ಬೇಕು. ಇಲ್ಲವಾದರೆ ದಾಳಿ ನಡೆದ ರಾತ್ರಿ ನಿಮ್ಮ ರಕ್ಷಕನನ್ನೇ ಜಗತ್ತು ಕಳ್ಳನೆಂದು ಹೊರಗಟ್ಟುತ್ತದೆ. ಎಷ್ಟು ಸಣ್ಣ ತುಂಡಿನವರೆಗೆ ಘೋಷಿಸಬಹುದೆಂದು ಹೇಳುವ ಗರಿಷ್ಠ ಉದ್ದ ಎಂಬ ಅಂಕಣವನ್ನು ಧಾರಾಳವಾಗಿ ತುಂಬುವ ಅಭ್ಯಾಸ ಬಹಳ ಕಡೆ ಇದೆ. ನೀವು ಘೋಷಿಸುವುದು /22 ಮಾತ್ರ, ಆದರೆ ಆರ್‌ಓಎಯಲ್ಲಿ /24ರವರೆಗೂ ಅನುಮತಿ ಇದೆ ಎನ್ನಿ. ಆಗ ದಾಳಿಕೋರ ನಿಮ್ಮ ಎಎಸ್ ಸಂಖ್ಯೆಯನ್ನೇ ದಾರಿಯ ಕೊನೆಯಲ್ಲಿ ನಕಲಿಯಾಗಿ ಅಂಟಿಸಿ, ನೀವು ಘೋಷಿಸದ /24 ಒಂದನ್ನು ಘೋಷಿಸಿದರೆ ಅದು ಪರೀಕ್ಷೆಯಲ್ಲಿ ಸಾಚಾ ಎಂದೇ ತೇರ್ಗಡೆಯಾಗುತ್ತದೆ, ಮೇಲಾಗಿ ಹೆಚ್ಚು ನಿರ್ದಿಷ್ಟವಾದ್ದರಿಂದ ಗೆಲ್ಲುತ್ತದೆ. ನಿಜವಾಗಿ ಘೋಷಿಸುವಷ್ಟೇ ಉದ್ದವನ್ನು ಬರೆಯಿರಿ.

ಇದು ನಿಮ್ಮ ವಿಳಾಸಗಳನ್ನು ಇತರರು ಪರೀಕ್ಷಿಸಲು ಮಾಡಿದ ಏರ್ಪಾಡು. ಇತರರ ವಿಳಾಸಗಳನ್ನು ನೀವು ಪರೀಕ್ಷಿಸಲು, ಆರ್‌ಓಎಗಳನ್ನು ತರಿಸಿ ಸಹಿ ಪರಿಶೀಲಿಸುವ ಒಂದು ವ್ಯಾಲಿಡೇಟರ್ ಬೇಕು: ರೂಟಿನೇಟರ್, ಫೋರ್ಟ್, ಆರ್‌ಪಿಕೆಐ-ಕ್ಲೈಂಟ್, ಎಲ್ಲವೂ ಉಚಿತ ಮುಕ್ತ ತಂತ್ರಾಂಶಗಳು. ಎರಡು ಬೇರೆ ಬೇರೆ ತಂತ್ರಾಂಶಗಳನ್ನು ಎರಡು ಬೇರೆ ಯಂತ್ರಗಳಲ್ಲಿ, ನಿಮ್ಮದೇ ಜಾಲದೊಳಗೆ ಸ್ಥಾಪಿಸಿ. ಅವುಗಳಿಂದ ರೂಟರಿಗೆ ಮಾಹಿತಿ ಸಾಮಾನ್ಯವಾಗಿ ಗೂಢಲಿಪಿಯಿಲ್ಲದೆ ಹರಿಯುವುದರಿಂದ ಹೊರಗಿನ ಸರ್ವರನ್ನು ನೆಚ್ಚಿಕೊಳ್ಳುವುದು ತರವಲ್ಲ. ಅವುಗಳ ಗಡಿಯಾರ, ಸಮಯ ಹೊಂದಿಸುವ ಎನ್‌ಟಿಪಿಯೊಂದಿಗೆ ಸರಿಯಾಗಿರಲಿ, ಪ್ರಮಾಣಪತ್ರಗಳ ಅವಧಿ ಲೆಕ್ಕವಾಗುವುದು ಅದರಿಂದಲೇ. ಎರಡೂ ವ್ಯಾಲಿಡೇಟರುಗಳು ಸತ್ತರೆ ಘೋಷಣೆಗಳು ‘ಮಾಹಿತಿಯಿಲ್ಲ’ ಎಂಬ ಸ್ಥಿತಿಗೆ ಮರಳಿ ಸಂಚಾರ ಎಂದಿನಂತೆ ನಡೆಯುತ್ತದೆ. ಜಾಲ ನಿಲ್ಲುವುದಿಲ್ಲ, ಆದರೆ ಕಾವಲು ಸದ್ದಿಲ್ಲದೆ ಇಲ್ಲವಾಗಿರುತ್ತದೆ. ಹಾಗಾಗಿ ಅವುಗಳ ಮೇಲೂ ನಿಗಾ ಬೇಕು.

ಮೊದಲ ಒಂದೆರಡು ವಾರ ಯಾವುದನ್ನೂ ತಿರಸ್ಕರಿಸದೆ, ಅಮಾನ್ಯವಾದ, ಅಂದರೆ ಆರ್‌ಓಎಗೆ ಹೊಂದದ, ದಾರಿಗಳನ್ನು ಗುರುತಿಸಿ ಅವುಗಳತ್ತ ಎಷ್ಟು ಸಂಚಾರ ಹೋಗುತ್ತಿದೆ ಎಂದು ಅಳೆಯಿರಿ. ಸಾಮಾನ್ಯವಾಗಿ ಅದು ಭಯಪಟ್ಟದ್ದಕ್ಕಿಂತ ಬಹಳ ಕಡಿಮೆ. ನಂತರ ಪೀರ್‌ಗಳಿಂದ ಆರಂಭಿಸಿ ಎಲ್ಲ ಸೆಷನ್‌ಗಳಲ್ಲೂ ಅಮಾನ್ಯವಾದವನ್ನು ಪೂರ್ತಿ ತಿರಸ್ಕರಿಸಿ. ತಿರಸ್ಕರಿಸುವ ಬದಲು ಆದ್ಯತೆಯನ್ನು ತಗ್ಗಿಸಿದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಆದ್ಯತೆಯ ಹೋಲಿಕೆ ನಡೆಯುವುದು ಒಂದೇ ಪ್ರಿಫಿಕ್ಸಿನ ಎರಡು ದಾರಿಗಳ ನಡುವೆ. ಸುಳ್ಳು /24ಕ್ಕೆ ಪ್ರತಿಸ್ಪರ್ಧಿಯೇ ಇಲ್ಲದಿರುವಾಗ ಆದ್ಯತೆ ಎಷ್ಟು ತಗ್ಗಿದ್ದರೂ ಸಂಚಾರವೆಲ್ಲ ಅದರತ್ತಲೇ ಹೋಗುತ್ತದೆ.

ಆರ್‌ಪಿಕೆಐ ಪರೀಕ್ಷಿಸುವುದು ದಾರಿಯ ಮೂಲವನ್ನು ಮಾತ್ರ, ನಡುವಿನ ಹೆಜ್ಜೆಗಳನ್ನಲ್ಲ. ಇಡೀ ದಾರಿಗೆ ಸಹಿ ಹಾಕುವ ಬಿಜಿಪಿಸೆಕ್ 2017ರಲ್ಲೇ ಮಾನದಂಡವಾದರೂ ಬಳಕೆಗೆ ಬಂದಿಲ್ಲವೆನ್ನಬೇಕು. ಆ ಕಾರಣಕ್ಕೇ ನಾಲ್ಕನೆಯ ಹೆಜ್ಜೆಯ ಫಿಲ್ಟರ್‌ಗಳನ್ನು ಈಗ ತೆಗೆಯುವಂತಿಲ್ಲ.

ಆರನೆಯ ಹೆಜ್ಜೆ: ಹೊರಗಿನಿಂದ ನಿಗಾ

ನಿಮ್ಮ ಪ್ರಿಫಿಕ್ಸ್ ಅಪಹರಣವಾದಾಗ ನಿಮ್ಮ ರೂಟರಿನಲ್ಲಿ ಏನೂ ಕಾಣುವುದಿಲ್ಲ, ಕೊಂಡಿಗಳೆಲ್ಲ ಹಸಿರಾಗಿಯೇ ಇರುತ್ತವೆ. ಬರಬೇಕಾದ ಸಂಚಾರ ಬರುತ್ತಿಲ್ಲ, ಅಷ್ಟೇ. 2018ರ ಏಪ್ರಿಲ್ 24ರಂದು ಅಮೆಜಾನಿನ ಡಿಎನ್‌ಎಸ್ ಸೇವೆಗೆ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆಗೆ) ಸೇರಿದ /24ಗಳನ್ನು ಬೇರೊಂದು ಜಾಲದಿಂದ ಸುಮಾರು ಎರಡು ಗಂಟೆ ಘೋಷಿಸಿ, ಮೈಈಥರ್‌ವಾಲೆಟ್ ಎಂಬ ಕ್ರಿಪ್ಟೋಕರೆನ್ಸಿ ತಾಣದ ಬಳಕೆದಾರರನ್ನು ನಕಲಿ ತಾಣಕ್ಕೆ ಒಯ್ದು ಹಣ ದೋಚಲಾಯಿತು. ಆ ತಾಣದ ಪ್ರಮಾಣಪತ್ರ ಸರಿಯಿಲ್ಲವೆಂದು ಬ್ರೌಸರ್ ಎಚ್ಚರಿಸಿದರೂ ಕೆಲವರು ಮುಂದೆ ಹೋದರು.

ರೈಪ್‌ನ ರಿಸ್ ಮತ್ತು ಒರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್ ಯೋಜನೆಗಳು ಜಗತ್ತಿನ ಅನೇಕ ನೆಲೆಗಳಿಂದ ಕಂಡ ಬಿಜಿಪಿ ಮಾಹಿತಿಯನ್ನು ಬಹಿರಂಗವಾಗಿ ನೀಡುತ್ತವೆ. ಬಿಜಿಪಿಅಲರ್ಟರ್‌ನಂತಹ ಮುಕ್ತ ತಂತ್ರಾಂಶವು ರಿಸ್‌ನ ಮಾಹಿತಿಯನ್ನು ಓದುತ್ತಾ ಐದು ಸಂಗತಿಗಳಿಗೆ ಎಚ್ಚರಿಸುವಂತೆ ಸಜ್ಜುಗೊಳಿಸಿ: ನಿಮ್ಮ ಪ್ರಿಫಿಕ್ಸಿಗೆ ಬೇರೆ ಮೂಲ ಕಂಡದ್ದು, ಅದರೊಳಗಿನ ಸಣ್ಣ ತುಂಡು ಕಂಡದ್ದು, ನಿಮ್ಮ ಎಎಸ್ ಪಕ್ಕದಲ್ಲಿ ಅಪರಿಚಿತ ನೆರೆಯವರು ಕಂಡದ್ದು, ನಿಮ್ಮ ಘೋಷಣೆ ಅಮಾನ್ಯವಾದದ್ದು, ಹಲವು ನೆಲೆಗಳಿಂದ ಒಮ್ಮೆಲೇ ಮರೆಯಾದದ್ದು. ಮೂರನೆಯದು ಮೂಲವನ್ನು ನಕಲಿ ಮಾಡಿದ ದಾಳಿಯನ್ನು ಹಿಡಿಯುವ ಬಲೆಯಾದ್ದರಿಂದ ಅದನ್ನು ಬಿಡಬೇಡಿ. ಎಚ್ಚರಿಕೆಯ ಸಂದೇಶ ತಲುಪುವ ದಾರಿ ನಿಮ್ಮ ಜಾಲದ ಮೇಲೆಯೇ ಅವಲಂಬಿಸಿರಬಾರದು. ಜಾಲ ನಿರ್ವಾಹಕರ ಸಾರ್ವಜನಿಕ ಕೋಶವಾದ ಪೀರಿಂಗ್‌ಡಿಬಿಯಲ್ಲಿ ನಿಮ್ಮ ಸಂಪರ್ಕ ವಿವರ ಇಂದಿನದಾಗಿರಲಿ. ನೀವು ಯಾರನ್ನೋ ನಡುರಾತ್ರಿ ಹುಡುಕುವಂತೆ ಅವರೂ ನಿಮ್ಮನ್ನು ಹುಡುಕುತ್ತಾರೆ.

ಏಳನೆಯ ಹೆಜ್ಜೆ: ಅಪಹರಣ ನಡೆದಾಗ

ಯೂಟ್ಯೂಬಿನ ಅಂದಿನ ಪ್ರತಿಕ್ರಿಯೆ ಇಂದಿಗೂ ಪಾಠವಾಗಿದೆ. ಸುಳ್ಳು /24 ಹೊರಬಿದ್ದದ್ದು ಜಾಗತಿಕ ಕಾಲಮಾನ 18:47ಕ್ಕೆ. 20:07ಕ್ಕೆ ಯೂಟ್ಯೂಬ್ ತಾನೂ ಅದೇ /24ನ್ನು ಘೋಷಿಸಿ ಸ್ವಲ್ಪ ಸಂಚಾರವನ್ನು ಮರಳಿ ಪಡೆಯಿತು; 20:18ಕ್ಕೆ ಎರಡು /25ಗಳನ್ನು ಘೋಷಿಸಿ ಇನ್ನಷ್ಟನ್ನು ಪಡೆಯಿತು. 21:01ಕ್ಕೆ ಅಪ್‌ಸ್ಟ್ರೀಮ್ ಸೇವಾದಾತ ಸುಳ್ಳು ದಾರಿಗಳನ್ನು ಹಿಂತೆಗೆದ ಮೇಲಷ್ಟೇ ಎಲ್ಲ ಸರಿಹೋಯಿತು. ಹೆಚ್ಚು ನಿರ್ದಿಷ್ಟ ಘೋಷಣೆ ನೋವು ಕಡಿಮೆ ಮಾಡುತ್ತದೆ, ಕಾಯಿಲೆ ವಾಸಿಯಾಗುವುದು ಸುಳ್ಳನ್ನು ಹಬ್ಬಿಸುತ್ತಿರುವ ಅಪ್‌ಸ್ಟ್ರೀಮ್ ಅದನ್ನು ಕೈಬಿಟ್ಟಾಗ. ಎರಡೂ ಕೆಲಸಗಳನ್ನು ಇಬ್ಬರು ಏಕಕಾಲದಲ್ಲಿ ಆರಂಭಿಸಬೇಕು: ಒಬ್ಬರು ರೂಟರಿನ ಮುಂದೆ, ಒಬ್ಬರು ಫೋನಿನಲ್ಲಿ. ಸಹಿಯಾದ ಆರ್‌ಓಎ ಕೈಯಲ್ಲಿದ್ದರೆ ಫೋನಿನ ಮಾತುಕತೆ ಬೇಗ ಮುಗಿಯುತ್ತದೆ.

ಇಲ್ಲಿ ಐದನೆಯ ಹೆಜ್ಜೆಯೊಂದಿಗೆ ಒಂದು ತೊಡಕಿದೆ. ಗರಿಷ್ಠ ಉದ್ದವನ್ನು /22ಕ್ಕೆ ಬಿಗಿಗೊಳಿಸಿದವರು ತುರ್ತಿನಲ್ಲಿ /24 ಘೋಷಿಸಿದರೆ ಆ ಘೋಷಣೆಯೂ ಅಮಾನ್ಯವಾಗುತ್ತದೆ, ಹೊಸ ಆರ್‌ಓಎ ಜಗತ್ತಿನ ವ್ಯಾಲಿಡೇಟರುಗಳನ್ನು ತಲುಪಲು ಸಮಯ ಹಿಡಿಯುತ್ತದೆ. ಡಿಎನ್‌ಎಸ್ ಮತ್ತು ಪಾವತಿ ಸೇವೆಗಳಂತಹ ಅತಿ ಮುಖ್ಯ ವಿಳಾಸಗಳನ್ನು ಶಾಂತಿಯ ಕಾಲದಲ್ಲೇ /24 ಆಗಿ ಘೋಷಿಸಿ, ಅದಕ್ಕೆ ತಕ್ಕ ಆರ್‌ಓಎ ಇಟ್ಟುಕೊಳ್ಳುವುದು ನನ್ನ ಆಯ್ಕೆ. ಐಪಿವಿ4ರಲ್ಲಿ ಅದಕ್ಕಿಂತ ಸಣ್ಣ ತುಂಡನ್ನು ಬಹುತೇಕ ಜಾಲಗಳು ಒಪ್ಪುವುದಿಲ್ಲವಾದ್ದರಿಂದ ಅಲ್ಲಿ ದಾಳಿಕೋರ ನಿಮ್ಮನ್ನು ಮೀರಿಸಲಾರ, ಸರಿಗಟ್ಟಬಲ್ಲ ಅಷ್ಟೇ. ಉಳಿದ ವಿಳಾಸಗಳಿಗೆ ತುರ್ತಿನಲ್ಲಿ ಮೊದಲು ಆರ್‌ಓಎ, ಆಮೇಲೆ ಘೋಷಣೆ ಎಂಬ ಕ್ರಮವನ್ನು ಬರೆದಿಟ್ಟು, ವರ್ಷಕ್ಕೊಮ್ಮೆಯಾದರೂ ಬಳಕೆಯಿಲ್ಲದ ಪ್ರಿಫಿಕ್ಸ್ ಒಂದರ ಮೇಲೆ ಅಭ್ಯಾಸ ಮಾಡಿ, ಎಷ್ಟು ನಿಮಿಷ ಹಿಡಿಯಿತೆಂದು ದಾಖಲಿಸಿ. ಘಟನೆ ಮುಗಿದ ಮೇಲೆ ತುರ್ತು ಘೋಷಣೆಗಳನ್ನು ಹಿಂತೆಗೆದ ದಿನವೇ ಅವುಗಳ ಆರ್‌ಓಎಗಳನ್ನೂ ಅಳಿಸಬೇಕು. ಘೋಷಣೆಯಿಲ್ಲದೆ ಉಳಿದುಬಿಟ್ಟ ಆರ್‌ಓಎ, ಮೂಲವನ್ನು ನಕಲಿ ಮಾಡುವ ದಾಳಿಕೋರನಿಗೆ ನೀವೇ ಸಹಿ ಹಾಕಿಕೊಟ್ಟ ಪರವಾನಗಿ.